ಮಗಳ ಕಲಿಕೆಯ ಆ್ಯಪ್: ಎರಡು ವರ್ಷ ಬಳಸಿದ ಮೇಲೆ

ಮಗಳು ಒಂಬತ್ತನೇ ತರಗತಿಗೆ ಹೋದಾಗ ಈ ಆ್ಯಪಿಗೆ ಚಂದಾ ಕಟ್ಟಿದೆವು. ಈಗ ಅವಳು ಎಸ್ಸೆಸ್ಸೆಲ್ಸಿ. ಎಷ್ಟು ವಿಡಿಯೋ, ಎಷ್ಟು ಪ್ರಶ್ನೆ ಅನ್ನೋದೆಲ್ಲ ಜಾಹೀರಾತಿನಲ್ಲೇ ಇದೆ. ನಾವು ದುಡ್ಡು ಕೊಟ್ಟಿದ್ದು ‘ನಿಮ್ಮ ಮಗುವಿಗೆ ತಕ್ಕ ಪಾಠ’ ಅನ್ನೋ ಒಂದು ಮಾತಿಗೆ. ಆ ಮಾತು ಎಷ್ಟು ನಿಜ ಅಂತ ಮಾತ್ರ ಬರೆಯುತ್ತೇನೆ.

ಸಮಾಂತರ ಶ್ರೇಢಿಯ ಪಾಠ ನಡೆದಿತ್ತು. 3, 7, 11, 15 ಹೀಗೆ ಹೋಗುವ ಶ್ರೇಢಿಯ 20ನೇ ಪದ ಯಾವುದು ಅಂತ ಪ್ರಶ್ನೆ. ನಾಲ್ಕು ಆಯ್ಕೆ. ಮಗಳು 83 ಒತ್ತಿದಳು. ಸರಿ ಉತ್ತರ 79. ಅಂಥದ್ದೇ ಇನ್ನೊಂದೆರಡು ತಪ್ಪಾದವು. ಆ್ಯಪ್ ಅವಳನ್ನು ಸೀದಾ ಆರನೇ ತರಗತಿಯ ಗುಣಾಕಾರಕ್ಕೆ ಇಳಿಸಿತು. ನನ್ನ ಫೋನಿಗೆ ‘ಗಣಿತದ ಬುನಾದಿ ದುರ್ಬಲ’ ಅಂತ ಸಂದೇಶ ಬಂತು. ಗುಣಾಕಾರದಲ್ಲಿ ಅವಳು ಎಡವಿದ್ದು ನಾನು ನೋಡಿಲ್ಲ. ಆ ಸಂಜೆಯಿಡೀ ಗೊತ್ತಿರೋ ಲೆಕ್ಕವನ್ನೇ ಮಾಡುತ್ತಾ ಕೂತಳು. ಕೊನೆಗೆ ಟ್ಯಾಬ್ ಮಡಚಿಟ್ಟು, “ಅಪ್ಪಯ್ಯ, ನಂಗೆ ಗಣಿತ ಬತ್ತಿಲ್ಲೆ ಕಾಣ್ತು” ಅಂದಳು. ನನಗೆ ಸಿಟ್ಟು ಬಂದಿದ್ದು ಇಲ್ಲಿ.

ಮರುದಿನ ಶಾಲೆಯಲ್ಲಿ ಗಣಿತದ ಅಕ್ಕೋರು ಅವಳ ರಫ್ ಪುಸ್ತಕ ನೋಡಿದರು. ಅಲ್ಲಿ 3 + 20 × 4 ಅಂತ ಬರೆದಿತ್ತು. “ಮೊದಲನೇ ಪದ ಕೈಯಲ್ಲೇ ಇದ್ಯಲ್ಲ ತಂಗಿ, 20ನೇದಕ್ಕೆ ಹೋಗೋಕೆ ಇನ್ನೆಷ್ಟು ಸಲ 4 ಕೂಡಿಸ್ಬೇಕು?” ಅಂತ ಕೇಳಿದರಂತೆ. ಹತ್ತೊಂಬತ್ತು. ಅಷ್ಟೇ. ಆಮೇಲೆ ಆ ತಪ್ಪು ಮತ್ತೆ ಆಗಲಿಲ್ಲ.

ನೋಡಿ, 83 ಅನ್ನೋ ಆಯ್ಕೆ ತಾನಾಗಿ ಬಂದಿದ್ದಲ್ಲ. 19ರ ಬದಲು 20 ಹಿಡಿಯುವ ಮಕ್ಕಳು ಇದ್ದೇ ಇರುತ್ತಾರೆ ಅಂತ ಪ್ರಶ್ನೆ ಬರೆದವರಿಗೆ ಗೊತ್ತಿತ್ತು, ಅದಕ್ಕೇ ಇಟ್ಟರು. ಹಾಗಿದ್ದ ಮೇಲೆ 83 ಒತ್ತಿದ ಮಗುವಿಗೆ ಆ ಒಂದು ಮಾತು ಹೇಳಿಸೋಕೆ ಏನು ಕಷ್ಟ? ಈ ಆ್ಯಪಿಗೆ ಸರಿ, ತಪ್ಪು, ಹಿಡಿದ ಸಮಯ ಇಷ್ಟೇ ಕಾಣೋದು. ಮಗು ಹೇಗೆ ಯೋಚಿಸಿತು ಅನ್ನೋದು ಪುಸ್ತಕದ ಮೇಲೆ ಉಳಿಯುತ್ತದೆ. ಗಣಿತದ 80 ಅಂಕದ ಬರವಣಿಗೆ ಪರೀಕ್ಷೆಯಲ್ಲಿ ಹಂತಕ್ಕೂ ಅಂಕ ಇದೆ. ಇಲ್ಲಿ ಹಂತಕ್ಕೆ ಬೆಲೆಯೇ ಇಲ್ಲ.

ಜುಲೈ ಮಳೆಯಲ್ಲಂತೂ ಇನ್ನೂ ಬೇಸರ. ನಮ್ಮದು ಶಿರಸಿ ಪೇಟೆಯಿಂದ ಒಳಗಿನ ಊರು. ಗಾಳಿಗೆ ಮರ ಬಿದ್ದರೆ ದಿನಗಟ್ಟಲೆ ಕರೆಂಟಿಲ್ಲ. ಕರೆಂಟ್ ಬಂದು ಆ್ಯಪ್ ತೆರೆದರೆ ಮಗಳಿಗೆ ಆಸಕ್ತಿ ಕಡಿಮೆಯಾಗಿದೆ ಅಂತ ತೀರ್ಮಾನ ಮಾಡಿರುತ್ತದೆ, ಮುಗಿಸಿದ ಪಾಠವನ್ನೇ ಮತ್ತೆ ಶುರು ಮಾಡಿಸುತ್ತದೆ.

ಚಂದಾ ಮಾಡಿಸೋಕೆ ಬಂದ ಹುಡುಗ ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಅವರ ಹೆಸರು ಹೇಳಿದ್ದ. ಒಬ್ಬೊಬ್ಬರನ್ನೇ ಕೂರಿಸಿ ಕಲಿಸಿದರೆ ಸಾಧಾರಣ ಮಗು ಕೂಡ ಮಾಮೂಲಿ ತರಗತಿಯ ನೂರಕ್ಕೆ 98 ಮಕ್ಕಳನ್ನು ಮೀರಿಸುತ್ತದೆ ಅಂತ ಅವರು 1984ರಲ್ಲಿ ಬರೆದಿದ್ದು ಹೌದು. ಆದರೆ ಅದು ಮನುಷ್ಯರು ಪಕ್ಕದಲ್ಲಿ ಕೂತು ಕಲಿಸಿದ್ದರ ಲೆಕ್ಕ. ಅಕ್ಕೋರಿಗೆ ಅಷ್ಟು ಮಕ್ಕಳ ಪಕ್ಕ ಕೂರೋಕೆ ಪುರುಸೊತ್ತೆಲ್ಲಿ? ಮೂರನೇ ತರಗತಿವರೆಗೆ ನಲಿ-ಕಲಿ ಪದ್ಧತಿಯಲ್ಲಿ ಕಾರ್ಡು, ಕಲಿಕಾ ಏಣಿ (ಮೆಟ್ಟಿಲು ಮೆಟ್ಟಿಲಾಗಿ ಪಾಠ ಜೋಡಿಸಿದ ಪಟ್ಟಿ) ಹಿಡಿದು ಮಗಳು ತನ್ನ ವೇಗಕ್ಕೆ ಕಲಿತಳು. ಹೈಸ್ಕೂಲಿಗೆ ಬಂದ ಮೇಲೆ ಎಲ್ಲರಿಗೂ ಒಂದೇ ದಿನ ಒಂದೇ ಪಾಠ. ಆ ಕೊರತೆ ನಿಜವಾಗಿಯೂ ಇದೆ. ಅದಕ್ಕೇ ನಾವು ಆ್ಯಪ್ ತಗೊಂಡಿದ್ದು.

ಇಷ್ಟೆಲ್ಲ ಹೇಳಿದ ಮೇಲೂ ಚಂದಾ ನಿಲ್ಲಿಸಲಿಲ್ಲ. ಅದಕ್ಕೆ ಕಾರಣ ವಿಜ್ಞಾನದ ಪಾಠಗಳು.

ಅಡಿಕೆ ಗೊನೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಊಟ ಆದ ಮೇಲೆ ಜಗುಲಿಯಲ್ಲಿ ಅಡಿಕೆ ಸುಲಿಯೋಕೆ ಕೂರುತ್ತೇವೆ. ನಾನು, ಹೆಂಡತಿ, ನನ್ನ ಆಯಿ, ನಮ್ಮನಮ್ಮ ಮೆಟ್ಟುಗತ್ತಿ ಹಿಡಿದು. ಮಗಳು ಅಲ್ಲೇ ಕಂಬಕ್ಕೆ ಒರಗಿ ಟ್ಯಾಬ್ ಹಚ್ಚುತ್ತಾಳೆ. ಮನೆಯಲ್ಲಿ ವಿಡಿಯೋ ಓಡುವಷ್ಟು ನೆಟ್‌ವರ್ಕ್ ಸಿಗೋದಿಲ್ಲ. ನಾನು ಅಡಿಕೆ ವ್ಯಾಪಾರಕ್ಕೆ ಪೇಟೆಗೆ ಹೋದಾಗ ಅಕ್ಕನ ಮನೆಯ ವೈಫೈಯಲ್ಲಿ ವಾರದ ಪಾಠ ಇಳಿಸಿಕೊಂಡು ಬರುತ್ತೇನೆ. ಅನುವಂಶೀಯತೆಯ ಪಾಠವನ್ನು ಅವಳು ಎಷ್ಟು ಸಲ ಹಾಕಿದಳೋ, ನಮಗೂ ಬಾಯಿಪಾಠ ಆಯಿತು. ಮೆಂಡಲ್ ಎತ್ತರದ ಬಟಾಣಿ, ಗಿಡ್ಡ ಬಟಾಣಿ ಕೂಡಿಸಿದ್ದು, ಮೊದಲ ಪೀಳಿಗೆಯಲ್ಲಿ ಎಲ್ಲವೂ ಎತ್ತರ ಬಂದಿದ್ದು, ಅದರ ಮುಂದಿನದರಲ್ಲಿ ಮೂರು ಎತ್ತರಕ್ಕೆ ಒಂದು ಗಿಡ್ಡ. ಒಂದು ರಾತ್ರಿ ಆಯಿ ಸುಲಿಯೋದು ನಿಲ್ಲಿಸಿ, ಆ ಗಿಡ್ಡ ಬಟಾಣಿ ನಡುವೆ ಎಲ್ಲಿ ಅಡಗಿತ್ತು ಅಂತ ಕೇಳಿದಳು. ಮಗಳು ಹಣ್ಣಡಿಕೆ, ಕಾಯಡಿಕೆ ಬೇರೆ ಬೇರೆ ಜೋಡಿಸಿಟ್ಟು ಅಜ್ಜಿಗೆ ವಿವರಿಸಿದಳು. ಮಧ್ಯೆ ತಡವರಿಸಿ, ಪಾಠ ಮತ್ತೊಮ್ಮೆ ಹಾಕಿ ಕೇಳಿ, ಪೂರ್ತಿ ಮಾಡಿದಳು.

ತರಗತಿಯಲ್ಲಿ ಮೂರನೇ ಸಲ ಕೇಳೋಕೆ ಅವಳಿಗೆ ನಾಚಿಕೆ. ಇಲ್ಲಿ ಎಷ್ಟು ಸಲ ಕೇಳಿದರೂ ಬೇಸರ ಮಾಡೋರಿಲ್ಲ. ಅವಳಿಗೆ ತಕ್ಕ ಕಲಿಕೆ ಅಂತ ನನಗೆ ಕಂಡಿದ್ದು ಇದೇ.

ನನ್ನ ಕಡೆಯಿಂದ 5ರಲ್ಲಿ 3 ನಕ್ಷತ್ರ. ನಮ್ಮ ಹಾಗೆ ಅಡಿಕೆ ದರ ನೋಡಿ ಖರ್ಚು ಮಾಡೋರು ಮೊದಲು ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ ನೋಡಿ. ಅದು 2017ರಿಂದ ಇದೆ, ಪುಕ್ಕಟೆ. ಅದು ಸಾಲದಿದ್ದರೆ ಇದನ್ನು ತಗೊಳ್ಳಿ. ತಗೊಂಡರೆ ಸೆಟ್ಟಿಂಗ್‌ಗೆ ಹೋಗಿ, ತಾನೇ ಮಟ್ಟ ಬದಲಿಸೋದನ್ನು ಬಂದ್ ಮಾಡಿ. ಲೆಕ್ಕವನ್ನು ಪುಸ್ತಕದಲ್ಲೇ ಮಾಡಿಸಿ, ತಪ್ಪಾದ ಪುಟವನ್ನು ಅಕ್ಕೋರಿಗೋ ಮಾಸ್ತರಿಗೋ ತೋರಿಸಿ. ಪಿಯುಸಿಗೆ ನಾವು ಚಂದಾ ಮುಂದುವರಿಸೋದಿಲ್ಲ. ತಮ್ಮನ ಮಗ ಈಗ ಎಂಟನೇ ತರಗತಿ. ವಿಜ್ಞಾನ ಒಂದನ್ನೇ ಕಡಿಮೆ ದರಕ್ಕೆ ಕೊಟ್ಟರೆ ಅವನಿಗೆ ಖಂಡಿತ ತಗೊಳ್ತೇವೆ.