ಕರಿ ಕೂದಲಿಗೆ ಜೇನುತುಪ್ಪ, ನಿಂಬೆರಸ: ಬಹಳ ದಿನ ಬಳಸಿದ ಮೇಲಿನ ಅಭಿಪ್ರಾಯ

ಪಾರ್ಲರ್ ಬ್ಲೀಚ್ ಬೇಡ, ಮನೆಯಲ್ಲಿ ಇರುವುದರಲ್ಲೇ ಕೂದಲು ಸ್ವಲ್ಪ ಕಂದಾದರೆ ಸಾಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಮ್ಮ ದಟ್ಟ ಕರಿ ಕೂದಲು ಇದರಿಂದ ಬಂಗಾರದ ಬಣ್ಣಕ್ಕೆ ತಿರುಗುವುದಿಲ್ಲ. ನೆರಳಿನಲ್ಲಿ ಕರಿಯಾಗಿಯೇ ಇರುತ್ತದೆ, ಬಿಸಿಲಿಗೆ ಬಂದಾಗ ಕೆಂಚು ಹೊಳಪು ಕಾಣುತ್ತದೆ. ಅಷ್ಟು ಸಾಕೆಂದರೆ ಜೇನುತುಪ್ಪ ಹಿಡಿಯಿರಿ. ನಿಂಬೆರಸ ಬೇಗ ಕೆಲಸ ಮಾಡುತ್ತದೆ, ಹಾಗೆಯೇ ಬೇಗ ಕೂದಲನ್ನೂ ಕೆಡಿಸುತ್ತದೆ.

ಜೇನಿನಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಇರುತ್ತದೆ. ಗಟ್ಟಿ ಜೇನಿನಲ್ಲಿ ಅದು ಸುಮ್ಮನಿದ್ದು, ನೀರು ಬೆರೆತಾಗ ಸಕ್ಕರೆಯಿಂದ ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸುತ್ತದೆ. ಪಾರ್ಲರಿನ ಬ್ಲೀಚಿನಲ್ಲಿ ಇರುವುದೂ ಪೆರಾಕ್ಸೈಡೇ, ಇಲ್ಲಿ ಅದರ ಪ್ರಮಾಣ ತೀರ ಕಡಿಮೆ. ಹಾಗಾಗಿ ಗಟ್ಟಿ ಜೇನನ್ನು ಹಾಗೇ ಮೆತ್ತಿಕೊಂಡರೆ ತಲೆ ಅಂಟುವುದಷ್ಟೇ. ಕಾಯಿಸಿದ ಜೇನೂ ಪ್ರಯೋಜನವಿಲ್ಲ, ಶಾಖಕ್ಕೆ ಕಿಣ್ವ ಕೆಟ್ಟುಹೋಗುತ್ತದೆ. ಶಿರಸಿ, ಯಲ್ಲಾಪುರ ಕಡೆಯ ಹಸಿ ಜೇನು ಹುಬ್ಬಳ್ಳಿ-ಧಾರವಾಡದಲ್ಲಿ ಸಿಕ್ಕರೆ ತೆಗೆದುಕೊಳ್ಳಿ, ಕಾಯಿಸಿದ್ದಾರೋ ಇಲ್ಲವೋ ಎಂದು ಕೇಳಿಯೇ ಕೊಳ್ಳಿ.

ಹೆಗಲಿನವರೆಗಿನ ಕೂದಲಿಗೆ ಕಾಲು ಕಪ್ ಜೇನು, ಒಂದು ಕಪ್ ನೀರು. ಅಂದರೆ ಒಂದಕ್ಕೆ ನಾಲ್ಕು. ನೀರು ತಣ್ಣಗಿರಲಿ, ಆರ್‌ಓ ನೀರಾದರೆ ಒಳ್ಳೆಯದು. ಗದಗ, ಹಾವೇರಿ ಕಡೆಯ ಸವಳು ಬೋರ್ ನೀರು ಬೇಡ, ಕಬ್ಬಿಣ, ತಾಮ್ರದಂಥ ಲೋಹದ ಅಂಶ ಪೆರಾಕ್ಸೈಡನ್ನು ಒಡೆದುಹಾಕುತ್ತದೆ. ಅದೇ ಕಾರಣಕ್ಕೆ ಗಾಜಿನ ಬಟ್ಟಲಲ್ಲಿ ಕಲಸಿ, ಒಂದು ತಾಸು ಮುಚ್ಚಿಡಿ. ಎಣ್ಣೆ ಇಲ್ಲದ, ತೊಳೆದು ಒದ್ದೆ ಇರುವ ಕೂದಲಿಗೆ ಎಳೆಎಳೆಗೂ ತಾಗುವಂತೆ ಹಚ್ಚಿ, ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಇನ್ನೊಂದು ತಾಸು ಬಿಡಿ. ಈ ಮಿಶ್ರಣ ನೀರಾಗಿದ್ದು ಕುತ್ತಿಗೆಗೆ ಇಳಿಯುತ್ತದೆ, ಹಳೆಯ ಟವೆಲ್ ಸುತ್ತಿಕೊಳ್ಳಿ. ವಾರಕ್ಕೊಮ್ಮೆ ಮಾಡಿದರೂ ವ್ಯತ್ಯಾಸ ಕಾಣಲು ತಿಂಗಳುಗಳು ಬೇಕು. ಕೂದಲು ಮಾತ್ರ ಒರಟಾಗುವುದಿಲ್ಲ, ನನಗೆ ಇದೇ ದೊಡ್ಡ ಲಾಭ.

ಜೇನಿಗೆ ನಿಂಬೆರಸ ಹಿಂಡಿ ಹಚ್ಚಿ ಅಂತ ಎಲ್ಲರೂ ಹೇಳುತ್ತಾರೆ. ಬೇಡ. ಅಷ್ಟು ಹುಳಿಯಲ್ಲಿ ಆ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ, ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಿ. ದಾಲ್ಚಿನ್ನಿ ಪುಡಿ ಬೆರೆಸಿದರೆ ನೆತ್ತಿ ಉರಿಯುತ್ತದೆ. ಮಿರ್ಚಿಗೆ ಹಾಕುವ ತಿನ್ನೋ ಸೋಡಾ ಕ್ಷಾರ, ಕೂದಲಿನ ಮೇಲ್ಪದರ ಎಬ್ಬಿಸಿ ಸಿಕ್ಕು ಮಾಡುತ್ತದೆ. ಕ್ಯಾಮೊಮೈಲ್ ಎಂಬ ಹೂವಿನ ಚಹಾ ತಿಳಿ ಕೂದಲಿಗೆ ಹಳದಿ ಛಾಯೆ ಕೊಡುವಂಥದ್ದು, ಕರಿ ಕೂದಲಿಗೆ ದುಡ್ಡು ದಂಡ.

ನಿಂಬೆಯನ್ನು ಬಳಸಲೇಬೇಕೆಂದರೆ ಎರಡು ಚಮಚ ರಸಕ್ಕೆ ನಾಲ್ಕು ಚಮಚ ನೀರು ಹಾಕಿ, ಬಟ್ಟೆಯಲ್ಲಿ ಸೋಸಿ, ಸ್ಪ್ರೇ ಬಾಟಲಿಗೆ ತುಂಬಿ. ತಿರುಳು ಉಳಿದರೆ ಸ್ಪ್ರೇ ಕಟ್ಟಿಕೊಳ್ಳುತ್ತದೆ. ನೆತ್ತಿ ಬಿಟ್ಟು ತುದಿಯ ಕಡೆಗೆ ಮಾತ್ರ ಹೊಡೆದು, ಬೆಳಗಿನ ಬಿಸಿಲಿನಲ್ಲಿ 20 ನಿಮಿಷ ಇದ್ದು ತಕ್ಷಣ ತೊಳೆಯಿರಿ. ಕೂದಲನ್ನು ಕಂದಾಗಿಸುವುದು ಮುಖ್ಯವಾಗಿ ಬಿಸಿಲು, ಹೊಲದಲ್ಲಿ ದುಡಿಯುವವರ ಕೂದಲ ತುದಿ ಏನೂ ಹಚ್ಚದೆಯೂ ಕೆಂಚಾಗಿರುತ್ತದಲ್ಲ. ಆದ್ದರಿಂದ ಫೆಬ್ರುವರಿಯಿಂದ ಮೇ ತನಕ ಪರಿಣಾಮ ಹೆಚ್ಚು, ಧಾರವಾಡದ ಮಳೆಗಾಲದ ಮೋಡದಲ್ಲಿ ಬರೀ ಹುಳಿಯಿಂದ ಕೂದಲು ಒಣಗುತ್ತದೆ. 15 ದಿನಕ್ಕೊಮ್ಮೆಗಿಂತ ಹೆಚ್ಚು ಬೇಡ. ತುದಿ ಸೀಳತೊಡಗಿದರೆ ನಿಲ್ಲಿಸಿಬಿಡಿ.

ಇಲ್ಲಿ ಒಂದು ಮಾತನ್ನು ದಯವಿಟ್ಟು ಗಮನಿಸಿ. ನಿಂಬೆರಸ ಮೆತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತಾಗಿ ಬೊಬ್ಬೆ ಏಳಬಹುದು. ಹಣ್ಣಿನಲ್ಲಿರುವ ಫ್ಯುರೊಕೌಮರಿನ್ ಎಂಬ ಅಂಶ ಇದಕ್ಕೆ ಕಾರಣ. ಬೊಬ್ಬೆ ಮಾಯ್ದರೂ ಕರಿ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಹಣೆ, ಕಿವಿ, ಕತ್ತಿಗೆ ರಸ ತಾಗದಂತೆ ಬಟ್ಟೆ ಕಟ್ಟಿ, ಬಿಸಿಲಿಗೆ ಹೋಗುವ ಮುಂಚೆ ಕೈಗೆ ಸೋಪು ಹಚ್ಚಿ ತೊಳೆಯಿರಿ. ಸಣ್ಣ ಮಕ್ಕಳಿಗಂತೂ ಬೇಡವೇ ಬೇಡ.

ಯಾವುದೇ ಆಗಲಿ, ಮೊದಲು ಕಿವಿಯ ಹಿಂದಿನ ಒಂದು ಎಳೆಗೆ ಮಾತ್ರ ಹಚ್ಚಿ ನೋಡಿ. ಬಿಳಿ ಕೂದಲಿನಲ್ಲಿ ತೆಗೆಯಲು ಬಣ್ಣವೇ ಇಲ್ಲ, ಅಲ್ಲಿ ಇವು ಏನೂ ಮಾಡವು. ಮೆಹಂದಿ ಬಣ್ಣವೂ ಇದರಿಂದ ಬಿಡುವುದಿಲ್ಲ. ಮುಂದೆ ಪಾರ್ಲರಿನಲ್ಲಿ ಬ್ಲೀಚ್ ಮಾಡಿಸುವುದಾದರೆ ಮೆಹಂದಿ ಹಚ್ಚಿದ್ದನ್ನು ಹೇಳಲೇಬೇಕು, ಕೆಲವು ಪುಡಿಗಳಲ್ಲಿ ಲೋಹದ ಲವಣ ಬೆರೆಸಿರುತ್ತಾರೆ, ಅದು ಪೆರಾಕ್ಸೈಡ್ ಜೊತೆ ಸೇರಿದರೆ ಬಿಸಿಯಾಗಿ ಕೂದಲು ತುಂಡಾಗುತ್ತದೆ. ಒಮ್ಮೆ ಹೋದ ಕಪ್ಪು ಅದೇ ಎಳೆಗೆ ಮರಳಿ ಬರುವುದಿಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬುಡದಿಂದ ಕರಿ ಕೂದಲು ಬೆಳೆಯುತ್ತದೆ, ಕೆಂಚು ಭಾಗ ಬೇಡವೆನಿಸಿದರೆ ಕತ್ತರಿಸಿಯೇ ತೆಗೆಯಬೇಕು.