ವೇಗದಿಂದ ತೂಕದ ಕಡೆಗೆ: ಮೆಟಾಲಿಕಾದ ಮೊದಲ ಐದು ಆಲ್ಬಂಗಳ ರೀಮಾಸ್ಟರ್ ಸಿ.ಡಿ.ಗಳು

ಅಮೆರಿಕದ ಹೆವಿ ಮೆಟಲ್ ತಂಡವಾದ ಮೆಟಾಲಿಕಾದ ಮೊದಲ ಐದು ಆಲ್ಬಂಗಳು 2016ರಿಂದ 2021ರೊಳಗೆ ರೀಮಾಸ್ಟರ್ ಆಗಿ, ಅಂದರೆ ಹಳೆಯ ಧ್ವನಿಯನ್ನು ತಿದ್ದಿಸಿಕೊಂಡು, ಮತ್ತೆ ಹೊರಬಂದಿವೆ. ಅವುಗಳ ಸಿ.ಡಿ.ಗಳನ್ನು ಒಂದೊಂದಾಗಿ ತರಿಸಿಕೊಂಡು, ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಬಿಡುಗಡೆಯ ಕ್ರಮದಲ್ಲಿಯೇ ಹಲವು ಬಾರಿ ಕೇಳಿದ್ದೇನೆ. ನನ್ನ ಕಿವಿ ಪಳಗಿದ್ದು ತಮಟೆಯ ಸದ್ದಿಗೆ. ಪದ್ಮಶ್ರೀ ಪುರಸ್ಕೃತ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ಈ ಜಿಲ್ಲೆಯಲ್ಲಿ ಬೆಳೆದವರಿಗೆ ಲಯವೆಂದರೆ ಮೊದಲು ಚರ್ಮದ ಬಿಗಿತ, ಆಮೇಲೆ ಕೈಯ ವೇಗ. ಹೆವಿ ಮೆಟಲ್‌ನ ಅತಿವೇಗದ ಪ್ರಕಾರವಾದ ಥ್ರ್ಯಾಶ್ ಮೆಟಲ್ ಅನ್ನೂ ನಾನು ಹಾಗೆಯೇ ಕೇಳುತ್ತೇನೆ.

ಗಾಯಕ, ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ಮತ್ತು ಡ್ರಮ್ಸ್ ವಾದಕ ಲಾರ್ಸ್ ಉಲ್ರಿಕ್ 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದ ಈ ತಂಡದ ಮೊದಲ ಆಲ್ಬಂ 'ಕಿಲ್ ಎಮ್ ಆಲ್' 1983ರಲ್ಲಿ ಬಂತು. ಬ್ರಿಟನ್ನಿನ ಹೆವಿ ಮೆಟಲ್ ತಂಡಗಳಿಂದ ಕಲಿತ ಗಿಟಾರ್ ವಿನ್ಯಾಸಗಳನ್ನು ಪಂಕ್ ಸಂಗೀತದ ಆವೇಗದಲ್ಲಿ ನುಡಿಸಿದ್ದೇ ಅದರ ಹೊಸತನ. ವಿಳಂಬ ಕಾಲಕ್ಕೆ ಇಲ್ಲಿ ಹೆಚ್ಚು ಜಾಗವಿಲ್ಲ. ಧ್ವನಿಮುದ್ರಣ ತೆಳುವಾಗಿದ್ದರೂ ಆ ಹುಮ್ಮಸ್ಸಿಗೆ ಅದು ಹೊಂದುತ್ತದೆ. ಹಳೆಯ ಕ್ಯಾಸೆಟ್ಟಿನಲ್ಲಿ ಕಲಸಿಹೋಗಿದ್ದ ಸಿಂಬಲ್‌ಗಳ ಸದ್ದು ಈ ಸಿ.ಡಿ.ಯಲ್ಲಿ ಬಿಡಿಬಿಡಿಯಾಗಿ ಕೇಳುತ್ತದೆ.

ಮುಂದಿನ ವರ್ಷವೇ ಬಂದ 'ರೈಡ್ ದ ಲೈಟ್ನಿಂಗ್' ತಂಡದ ದಿಕ್ಕನ್ನು ಬದಲಿಸಿತು. ಕೋಪನ್‌ಹೇಗನ್‌ನಲ್ಲಿ ಧ್ವನಿಮುದ್ರಣ ತಜ್ಞ ಫ್ಲೆಮಿಂಗ್ ರಾಸ್ಮುಸೆನ್ ಅವರೊಂದಿಗೆ ಮುದ್ರಿಸಿದ ಈ ಆಲ್ಬಂ ಅಕೂಸ್ಟಿಕ್ ಗಿಟಾರಿನ ಮೃದುವಾದ ನುಡಿಸಾಣಿಕೆಯಿಂದ ಆರಂಭವಾಗುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ತಿಳಿವಳಿಕೆಯಿದ್ದ ಬೇಸ್ (ತಗ್ಗು ಸ್ವರಗಳ ಗಿಟಾರ್) ವಾದಕ ಕ್ಲಿಫ್ ಬರ್ಟನ್ ಅವರ ಪ್ರಭಾವದಿಂದ ಇಲ್ಲಿ ಸ್ವರಗಳ ಹೊಂದಾಣಿಕೆಗೆ ಆಳ ಬಂದಿದೆ. 1986ರ 'ಮಾಸ್ಟರ್ ಆಫ್ ಪಪೆಟ್ಸ್' ಆ ಕಲಿಕೆಯ ಫಲ. ಎಂಟು ಹಾಡುಗಳ, ಸುಮಾರು 55 ನಿಮಿಷಗಳ ಈ ಆಲ್ಬಂನಲ್ಲಿ ವೇಗವೇನೂ ತಗ್ಗಿಲ್ಲ. ಶೀರ್ಷಿಕೆಗೀತೆಯಲ್ಲಿ ಹೆಟ್‌ಫೀಲ್ಡ್ ತಂತಿಗಳನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಮೀಟುತ್ತಾ ನಿಮಿಷಕ್ಕೆ 200ಕ್ಕೂ ಮಿಕ್ಕಿದ ಬಡಿತಗಳ ಓಟವನ್ನು ಕಾಯ್ದುಕೊಳ್ಳುತ್ತಾರೆ. ಆದರೆ ಅದೇ ಹಾಡು ನಡುವೆ ತಗ್ಗಿ, ಎರಡು ಗಿಟಾರ್‌ಗಳು ಜೊತೆಗೂಡಿ ಮೆಲ್ಲನೆ ಹಾಡಲು ಅವಕಾಶ ಮಾಡಿಕೊಡುತ್ತದೆ. ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ತಂಡ ಮೂರೇ ವರ್ಷಗಳಲ್ಲಿ ಅರಿತುಕೊಂಡಿತ್ತು.

ಅದೇ ವರ್ಷ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ತಂಡದ ಬಸ್ಸು ಮಗುಚಿ, 24 ವರ್ಷದ ಬರ್ಟನ್ ತೀರಿಕೊಂಡರು. ಅವರ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದರು. 1988ರ 'ಆ್ಯಂಡ್ ಜಸ್ಟಿಸ್ ಫಾರ್ ಆಲ್' ರಚನೆಯ ದೃಷ್ಟಿಯಿಂದ ತಂಡದ ಅತ್ಯಂತ ಜಟಿಲವಾದ ಆಲ್ಬಂ: ದೀರ್ಘ ಹಾಡುಗಳು, ಪದೇಪದೇ ಬದಲಾಗುವ ತಾಳದ ಲೆಕ್ಕ. ಇಷ್ಟಾಗಿಯೂ ಅದರಲ್ಲಿ ನ್ಯೂಸ್ಟೆಡ್ ನುಡಿಸಿದ ಬೇಸ್ ಕೇಳುವುದೇ ಇಲ್ಲವೆನ್ನಬೇಕು. ರೀಮಾಸ್ಟರ್‌ನಲ್ಲಾದರೂ ಅದು ಮೇಲೆ ಬಂದಿರಬಹುದೆಂದು ಕೊಳ್ಳುವವರಿಗೆ ಸ್ಪಷ್ಟವಾಗಿ ಹೇಳಬೇಕು, ಬಂದಿಲ್ಲ. ವಾದ್ಯಗಳ ಪ್ರಮಾಣವನ್ನು ಬದಲಿಸಬೇಕಾದರೆ ಬಿಡಿ ಮುದ್ರಣಗಳಿಂದ ಹೊಸದಾಗಿ ಮಿಶ್ರಣ ಮಾಡಬೇಕು; ರೀಮಾಸ್ಟರ್ ಎಂದರೆ ಒಮ್ಮೆ ಬೆರೆಸಿ ಮುಗಿಸಿದ ಧ್ವನಿಯನ್ನು ಒಟ್ಟಾಗಿ ತಿದ್ದುವುದು ಮಾತ್ರ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ಆಲ್ಬಂನ 'ಒನ್' ಹಾಡನ್ನು ಎದುರಿಗೆ ನಿಂತು ಕೇಳಿದಾಗ, ನ್ಯೂಸ್ಟೆಡ್ ನಂತರ ತಂಡ ಸೇರಿದ ರಾಬರ್ಟ್ ಟ್ರುಹಿಯೊ ಅವರ ಬೇಸ್ ಎದೆಗೆ ಬಂದು ತಟ್ಟಿತ್ತು. ಮನೆಗೆ ಮರಳಿ ಆಲ್ಬಂ ಹಾಕಿದ ಮೇಲೆ ಆ ಕೊರತೆ ನನ್ನನ್ನು ಇನ್ನಷ್ಟು ನೋಯಿಸಿತು.

1991ರಲ್ಲಿ ಬಂದ, ತಂಡದ ಹೆಸರನ್ನೇ ಹೊತ್ತ ಕಪ್ಪು ಹೊದಿಕೆಯ ಆಲ್ಬಂ ಬಗ್ಗೆ ಥ್ರ್ಯಾಶ್ ಅಭಿಮಾನಿಗಳಲ್ಲಿ ಇಂದಿಗೂ ಅಸಮಾಧಾನವಿದೆ. ಬಾಬ್ ರಾಕ್ ನಿರ್ಮಾಪಕರಾಗಿ ಬಂದ ಮೇಲೆ ಹಾಡುಗಳು ಚಿಕ್ಕದಾದವು, ಓಟ ತಗ್ಗಿತು, ಅಮೆರಿಕವೊಂದರಲ್ಲೇ 1.6 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಜನಪ್ರಿಯತೆಗಾಗಿ ತಂಡ ತನ್ನತನವನ್ನು ಬಿಟ್ಟುಕೊಟ್ಟಿತು ಎಂಬ ಆ ದೂರನ್ನು ನಾನು ಒಪ್ಪುವುದಿಲ್ಲ. ಗಿಟಾರಿನ ಶ್ರುತಿಯನ್ನು ಒಂದು ಪೂರ್ಣ ಸ್ವರ ಇಳಿಸಿ ನುಡಿಸಿದ 'ಸ್ಯಾಡ್ ಬಟ್ ಟ್ರೂ' ಹಾಡಿನಲ್ಲಿ ಪ್ರತಿ ಪೆಟ್ಟಿಗೂ ಮೊದಲಿನ ಆಲ್ಬಂಗಳಲ್ಲಿ ಇಲ್ಲದ ತೂಕವಿದೆ, ಬೇಸ್ ಮತ್ತು ಡ್ರಮ್ಸ್ ಒಂದೇ ಉಸಿರಿನಲ್ಲಿ ಸಾಗುತ್ತವೆ. ಐದು ಸಿ.ಡಿ.ಗಳಲ್ಲಿ ಧ್ವನಿಮುದ್ರಣದ ಗುಣಮಟ್ಟ ಅತ್ಯುತ್ತಮವಾಗಿರುವುದು ಇದರಲ್ಲಿಯೇ.

ತಂಡ ಎಡವಿದ್ದು ವೇಗ ತಗ್ಗಿಸಿದಾಗ ಅಲ್ಲ, ಸದ್ದಿನ ವಿವೇಕ ತಪ್ಪಿದಾಗ. ಈ ಐದರ ಆಚೆಗಿನ, 2003ರ 'ಸೇಂಟ್ ಆ್ಯಂಗರ್' ಅದಕ್ಕೆ ನಿದರ್ಶನ: ಸ್ನೇರ್ ಡ್ರಮ್ಮಿನ ಕೆಳಗಿನ ತಂತಿಗಳನ್ನು ಸಡಿಲಿಸಿದ್ದರಿಂದ ಅದು ತಗಡಿನ ಡಬ್ಬದಂತೆ ಮೊಳಗುತ್ತದೆ. ಬೆಂಕಿಗೆ ಹಿಡಿದು ಚರ್ಮ ಬಿಗಿಯುವವರೆಗೂ ತಮಟೆಗೆ ಕೋಲು ಮುಟ್ಟಿಸದ ಕಲಾವಿದರನ್ನು ಕಂಡವರಿಗೆ ಆ ಸದ್ದು ಸಹಿಸಲು ಕಷ್ಟ.

ಒಂದನ್ನೇ ಕೊಳ್ಳುವುದಾದರೆ 'ಮಾಸ್ಟರ್ ಆಫ್ ಪಪೆಟ್ಸ್' ಕೊಳ್ಳಿ. ಎರಡನೆಯದಾಗಿ ಕಪ್ಪು ಆಲ್ಬಂ. 'ಜಸ್ಟಿಸ್' ಆಲ್ಬಂನ ಹಳೆಯ ಪ್ರತಿ ಕೈಯಲ್ಲಿರುವವರು ಹೊಸದಕ್ಕೆ ಹಣ ಹಾಕಬೇಕಾಗಿಲ್ಲ. 'ಮಾಸ್ಟರ್' ಹಾಕಿದಾಗ ಏಳನೆಯದಾದ 'ಒರಾಯನ್' ಅನ್ನು ದಾಟಿ ಹೋಗಬೇಡಿ. ಸಾಹಿತ್ಯವೇ ಇಲ್ಲದ, ಎಂಟು ನಿಮಿಷ ಮೀರಿದ ಈ ವಾದ್ಯಸಂಗೀತದ ನಡುವೆ ಉಳಿದ ವಾದ್ಯಗಳು ಹಿಂದೆ ಸರಿದು ಬರ್ಟನ್ ಅವರ ಬೇಸ್ ನಿಧಾನವಾಗಿ ಮುಂದೆ ಬರುತ್ತದೆ, ಅಲ್ಲಿ ಅದರ ಒಂದೊಂದು ಸ್ವರವೂ ಕೇಳುತ್ತದೆ.