ಡಬ್ಬದ ಮೇಲೆ ‘ಬರ್’ ಅಂತ ಇದ್ದರೆ ಸಾಲದು, ಒಳಗಿನ ಹಲ್ಲು ನೋಡಿ ದುಡ್ಡು ಕೊಡಿ

ಕುಶಾಲನಗರದ ಕಡೆ ಮನೆಗೆ ಕಾಫಿ ಗ್ರೈಂಡರ್ ತಗೊಳ್ಳೋಕೆ ಹೊರಟವರು ದಯವಿಟ್ಟು ಇದನ್ನು ಓದಿ ಹೋಗಿ. 6,800 ರೂಪಾಯಿ ಹೋಯಿತು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ‘ಬರ್ ಗ್ರೈಂಡರ್’, ಅಂಗಡಿಯವರ ಬಾಯಲ್ಲೂ ಅದೇ ಮಾತು. ಒಳಗಿರುವುದು ಬರ್ ಅಲ್ಲವೇ ಅಲ್ಲ. ಎರಡು ಚಪ್ಪಟೆ ತಟ್ಟೆ, ಮೇಲೆ ಮೊಂಡು ಗುಬಟು, ಅಷ್ಟೇ.

ನಿಜವಾದ ಬರ್ ಅಂದರೆ ಬೀಸುಕಲ್ಲಿನ ಹಾಗೆ ಎರಡು ಹಲ್ಲಿನ ಬಿಲ್ಲೆ. ಒಂದು ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ. ಚೂಪು ಹಲ್ಲು ಬೀಜವನ್ನು ಕತ್ತರಿಸುತ್ತಾ ಕೆಳಗೆ ತಳ್ಳುತ್ತದೆ, ಪುಡಿಯ ದಪ್ಪ ನಡುವಿನ ಸಂದಿಗೆ ತಕ್ಕಂತೆ. ನನಗೆ ಸಿಕ್ಕಿದ್ದು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಮೈದಾದಂಥ ದೂಳೂ ಬರುತ್ತದೆ, ರವೆಯಂಥ ತರಿಯೂ ಬರುತ್ತದೆ. ಫಿಲ್ಟರ್‌ಗೆ ಹಾಕಿದರೆ ದೂಳು ತೂತಿಗೆ ಕೂತು ನೀರು ಇಳಿಯುವುದಿಲ್ಲ, ತರಿ ಸಾರ ಬಿಡುವುದಿಲ್ಲ. ಡಿಕಾಕ್ಷನ್ ಕಹಿಯೂ ಹೌದು, ತೆಳುವೂ ಹೌದು. 20 ಗ್ರಾಂ ಪುಡಿಯನ್ನು ಟೀ ಸೋಸುವ ಜಾಲರಿಯಲ್ಲಿ ಆಡಿಸಿದರೆ 6 ಗ್ರಾಂ ಮೇಲೆಯೇ ಉಳಿಯಿತು. ಪುಡಿಯ ದಪ್ಪ ಬದಲಿಸುವ ತಿರುಗಣೆಯನ್ನು 3ಕ್ಕೆ ಇಟ್ಟರೂ ಅದೇ, 9ಕ್ಕೆ ಇಟ್ಟರೂ ಅದೇ.

ಅಂಗಡಿಯಲ್ಲಿ ಒಂದು ಹಿಡಿ ಬೀಜ ಹಾಕಿ, ಮೇಲೆ ಮೇಲಿನ ಪುಡಿ ತೆಗೆದು ಅಂಗೈಗೆ ಹಾಕಿ “ನೋಡಿ ಮೇಡಂ, ಹೇಗಿದೆ!” ಅಂದರು. ತಳದಲ್ಲಿ ಇದ್ದದ್ದನ್ನು ತೋರಿಸಲಿಲ್ಲ. ನಾನೂ ಕೇಳಲಿಲ್ಲ. ಈಗಲೂ ಹೊಟ್ಟೆ ಉರಿಯುವುದು ಅದಕ್ಕೇ. ಮನೆಯಲ್ಲಿ ಮೇಲಿನ ತಟ್ಟೆ ತಿರುಗಿಸಿ ಎತ್ತಿ ಹೆಬ್ಬೆರಳು ಸವರಿದರೆ ನುಣ್ಣಗೆ. ಹೊಚ್ಚ ಹೊಸ ಮೆಷಿನ್, ಉಗುರಿಗೆ ತಡೆಯುವ ಒಂದು ಅಂಚೂ ಇಲ್ಲ.

ಅಂಗಡಿಗೆ ಫೋನ್ ಮಾಡಿದರೆ ಮೊದಲ ಉತ್ತರ: “ನಿಮ್ದು ಮನೇಲಿ ಹುರಿದ ಚೆರಿ ಕಾಫಿ, ಕಲ್ಲು ಬಂದಿರುತ್ತೆ.” ಕಣದಲ್ಲಿ ಹಣ್ಣಿನ ಸಮೇತ ಒಣಗಿಸಿದ ಚೆರಿಯಲ್ಲಿ ಕಲ್ಲು ಬರುವುದು ಕೊಡಗಿನಲ್ಲಿ ಯಾರಿಗೆ ಗೊತ್ತಿಲ್ಲ? ಕಲ್ಲು ಬಿದ್ದರೆ ಹಲ್ಲು ಮುಕ್ಕಾಗುತ್ತದೆ, ಗಕ್ ಅಂತ ಮೋಟಾರ್ ನಿಲ್ಲುತ್ತದೆ. ಇದರಲ್ಲಿ ಮುಕ್ಕಾಗಲು ಹಲ್ಲೇ ಇಲ್ಲವಲ್ಲ! ಎರಡನೆಯದು: “ಮಳೆಗಾಲ ಅಲ್ವಾ ಮೇಡಂ, ಪುಡಿ ಅಂಟುತ್ತೆ.” ಮೂರನೆಯದು: “ನೀವೇ ಬಿಚ್ಚಿದ್ದೀರಿ, ವಾರಂಟಿ ಹೋಯ್ತು.” ಬ್ರಷ್ ಹಾಕಿ ಒರೆಸಬೇಕಾದರೆ ಅದನ್ನು ಬಿಚ್ಚಲೇಬೇಕು, ಅವರದೇ ಕೈಪಿಡಿಯಲ್ಲಿ ಚಿತ್ರ ಇದೆ! ಆ ಪುಟದ ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಅಂಗಡಿಯಲ್ಲೇ ಮೇಲಿನ ಬರ್ ತೆಗೆಸಿ ನೋಡಿ. ತೆಗೆಯುವುದಿಲ್ಲ ಅಂದರೆ ಎದ್ದು ಬನ್ನಿ. ಕೆಳಗಿನದನ್ನು ಹಿಡಿದು ಅಲ್ಲಾಡಿಸಿ, ಪಕ್ಕಕ್ಕೆ ಆಡಿದರೆ ಬೇಡ, ಸಂದು ಒಂದೇ ಸಮ ಇರುವುದಿಲ್ಲ. ನಿಮ್ಮ ಬೀಜವನ್ನೇ ಒಯ್ದು 20 ಗ್ರಾಂ ಪುಡಿ ಮಾಡಿಸಿ, ಬಿಳಿ ಕಾಗದದ ಮೇಲೆ ಪೂರ್ತಿ ಸುರಿಸಿ. ತಳದ್ದೂ ಸೇರಿ, ಪೂರ್ತಿ.

ಒಳ್ಳೆಯದು ಸಿಕ್ಕರೆ ಜೋಪಾನ ಮಾಡಿ. ಪುಡಿ ಇನ್ನೂ ಸಣ್ಣ ಬೇಕೆಂದರೆ ಮೋಟಾರ್ ಓಡುತ್ತಿರುವಾಗಲೇ ತಿರುಗಿಸಿ, ನಿಂತಾಗ ತಿರುಗಿಸಿದರೆ ಸಂದಿನಲ್ಲಿ ಸಿಕ್ಕ ಬೀಜಕ್ಕೆ ಜಾಮ್ ಆಗುತ್ತದೆ. ಚಿಕೋರಿ ಆಮೇಲೆ ಬೆರೆಸಿ, ನಮ್ಮ ಜೂನ್ ತೇವಕ್ಕೆ ಅದು ಹಲ್ಲಿನ ನಡುವೆ ಗೋಂದಿನ ಹಾಗೆ ಹಿಡಿಯುತ್ತದೆ. ಬರ್‌ಗೆ ನೀರು ಬೇಡ, ತುಕ್ಕು ಬರುತ್ತದೆ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅದಾದ ಮೇಲೆ ನಿನ್ನೆ ಅಂಗಡಿಯಿಂದಲೇ ಫೋನ್ ಬಂತು: “ದುಡ್ಡು ವಾಪಸ್ ಆಗಲ್ಲ ಮೇಡಂ. ಬೇಕಾದ್ರೆ ಬದಲಿಗೆ ಒಂದು ಮಿಕ್ಸಿ ತಗೊಂಡು ಹೋಗಿ.”